ನಮ್ಮ ಬೆಕ್ಕಿನ ನಿತ್ಯ ಏಕಾದಶಿ

ಹೊಟ್ಟೆಗೆ ಏನು ಹೋಗುತ್ತದೆ ಎಂದು ಓದಿ ತಿನ್ನುವ ಪೈಕಿಯವನಲ್ಲ ನಾನು. ಬಿಸ್ಕತ್ತಿನ ಪೊಟ್ಟಣದ ಹಿಂದೆ ಸಣ್ಣ ಅಕ್ಷರಗಳಲ್ಲಿ ಬರೆದಿರುವುದು ಓದಲಿಕ್ಕಾಗಿ ಎಂಬುದೇ ನನಗೆ ಹೊಳೆದಿರಲಿಲ್ಲ. ಅಂಥ ನಾನು ಆರ್.ಟಿ. ನಗರದ ಒಂದು ಅಂಗಡಿಯಲ್ಲಿ ಕನ್ನಡಕ ಹಣೆಗೇರಿಸಿ, ಬೆಕ್ಕಿನ ಆಹಾರದ ಚೀಲವನ್ನು ಮೂಗಿನ ಹತ್ತಿರ ಹಿಡಿದುಕೊಂಡು, ಹಿಂದೆ ನಿಂತವರು "ಸಾರ್, ಸ್ವಲ್ಪ ಸರೀತೀರಾ" ಎನ್ನುವವರೆಗೆ ಓದಿದ್ದೇನೆ. ಆ ಓದಿನಿಂದ ಬಂದ ಜ್ಞಾನ ಸ್ವಲ್ಪ, ಅವಮಾನ ಬಹಳ. ಬೀದಿಗೆಲ್ಲ ಗೊತ್ತಾಗುವ ಮೊದಲು ನಾನೇ ಹೇಳಿಬಿಡುವುದು ಮೇಲು.

ಬೆಕ್ಕಿನ ಹೆಸರು ಸುಂದ್ರಿ. ಮಹಡಿಯ ನೀರಿನ ಟ್ಯಾಂಕಿನ ಕೆಳಗೆ ಮರಿಯಾಗಿ ಸಿಕ್ಕಿದ್ದು. ಮನೆಯಲ್ಲಿರುವುದು ನಾನು, ನಮ್ಮಮ್ಮ ಇಬ್ಬರೇ. ಬೀದಿಯಿಂದ ಬಂದದ್ದು, ಕೊಟ್ಟದ್ದು ತಿಂದುಕೊಂಡಿರುತ್ತದೆ ಎಂದುಕೊಂಡದ್ದು ನಮ್ಮ ತಪ್ಪು. ಹಾಲಿಟ್ಟರೆ ಪಂಜ ಅದ್ದಿ ಕೊಡವುತ್ತಿತ್ತು. ಮೊಸರನ್ನ ಇಟ್ಟರೆ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಹಾಗೆ ಸುತ್ತಲೂ ನೋಡಿ, ಒಂದು ಮಾತೂ ಆಡದೆ ಎದ್ದು ಹೋಗುತ್ತಿತ್ತು. ಅಂಗಡಿಯಲ್ಲಿ ಸಿಗುವ ಕಾಳಿನಂಥ ಆಹಾರ ತಂದರೆ ಎರಡು ದಿನ ತಿಂದು, ಆಮೇಲೆ ನನ್ನ ಆಫೀಸಿನ ಬೂಟಿನೊಳಗೆ ವಾಂತಿ ಮಾಡಿತು. ಜೊತೆಗೆ ಕತ್ತು ಕೆರೆದು ಕೆರೆದು ಕೂದಲೂ ಉದುರಿತು. ಪಶುವೈದ್ಯರು ಕತ್ತು ನೋಡಿ, "ಕೆಲವು ಬೆಕ್ಕಿಗೆ ಧಾನ್ಯ ಆಗಿಬರಲ್ಲ ಸಾರ್. ಗ್ರೇನ್ ಫ್ರೀ ಟ್ರೈ ಮಾಡಿ. ಮುಂದಿರೋ ಚಿತ್ರ ನೋಡಿ ತಗೋಬೇಡಿ, ಹಿಂದೆ ಬರೆದಿರೋದು ಓದಿ" ಎಂದರು.

ಹಾಗೆ ಓದಿದಾಗ ತಿಳಿದದ್ದು ಇಷ್ಟು: ಯಾವುದರ ಹೆಸರು ಮೊದಲು ಇದೆಯೋ ಅದೇ ಹೆಚ್ಚು ಇರುತ್ತದೆ. ಒಳ್ಳೆಯ ಚೀಲದಲ್ಲಿ ಮೊದಲು ಮೀನು, ಆಮೇಲೆ ಕೋಳಿ. ಆಲೂಗಡ್ಡೆ, ಬಟಾಣಿಯೆಲ್ಲ ಮದುವೆ ಪತ್ರಿಕೆಯ ದೂರದ ನೆಂಟರ ಹಾಗೆ ಕೊನೆಯಲ್ಲಿ. ಆಹಾರ ಎಷ್ಟು ಒಳ್ಳೆಯದೋ ಅಷ್ಟು ಮೀನು. ಬೆಕ್ಕಿಗೆ ಇದು ಶುಭ ಸಮಾಚಾರ. ಆದರೆ ನಮ್ಮಮ್ಮನ ಅಡುಗೆಮನೆಯೊಳಗೆ ಈರುಳ್ಳಿ ಕಾಲಿಡುವುದಕ್ಕೇ ವರ್ಷಗಳು ಹಿಡಿದಿದ್ದವು. ಮೀನು ಅಂದರೆ ಬೆಕ್ಕೂ ಹೊರಗೆ, ತಂದವನೂ ಹೊರಗೆ. ಸಾಲದ್ದಕ್ಕೆ ಚೀಲದ ಮೇಲಿನ ಚಿತ್ರದಲ್ಲಿ ಮೀನೊಂದು ನೀರಿನಿಂದ ಮೇಲಕ್ಕೆ ಹಾರುತ್ತಿತ್ತು. ಒಳಗಿನದನ್ನು ಹೊಸ ಸ್ಟೀಲ್ ಡಬ್ಬಕ್ಕೆ ಸುರಿದುಕೊಂಡು, ಚೀಲವನ್ನು ಅಂಗಡಿಯ ಕಸದ ಬುಟ್ಟಿಯಲ್ಲೇ ಎಸೆದು ಮನೆಗೆ ಬಂದೆ.

"ಏನೋ ಅದು?" ಎಂದಳು ಅಮ್ಮ.

"ಸುಂದ್ರಿಗೆ. ಇದರಲ್ಲಿ ಧಾನ್ಯ ಇಲ್ಲಮ್ಮ. ಅಕ್ಕಿ, ಗೋಧಿ, ಜೋಳ ಒಂದೂ ಇಲ್ಲ."

"ಮತ್ತೇನಿದೆ?"

"ಆಲೂಗಡ್ಡೆ ಇದೆ. ಬಟಾಣಿ ಇದೆ."

ಒಂದಕ್ಷರವೂ ಸುಳ್ಳಲ್ಲ. ಪಟ್ಟಿಯನ್ನು ಕೆಳಗಿನಿಂದ ಓದಿದೆ, ಅಷ್ಟೆ. ಅಮ್ಮ ಮಾತ್ರ ಬೆಕ್ಕನ್ನು ಗೌರವದಿಂದ ನೋಡಿದಳು. ಅವಳು ಏಕಾದಶಿಯ ದಿನ ಧಾನ್ಯ ಮುಟ್ಟುವವಳಲ್ಲ. ಹಾಲು, ಬಾಳೆಹಣ್ಣು, ತೀರಾ ಸುಸ್ತಾದರೆ ಬೇಯಿಸಿದ ಗೆಣಸು. ನನ್ನ ಏಕಾದಶಿಯೇ ಬೇರೆ. ಅನ್ನ ಒಂದನ್ನು ಬಿಟ್ಟು ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಚಪಾತಿ, ಸಂಜೆ ಮತ್ತೆ ಉಪ್ಪಿಟ್ಟು. "ನೋಡು, ನಿನ್ನ ಕೈಲಿ ಆಗದೇ ಇರೋದನ್ನ ಇದು ದಿನಾ ಮಾಡ್ತಿದೆ. ನಿತ್ಯ ಏಕಾದಶಿ" ಎಂದು ಡಬ್ಬವನ್ನು ನನ್ನ ಕೈಯಿಂದ ತೆಗೆದುಕೊಂಡು ಹೋಗಿ, ದೇವರ ಗೂಡಿನಲ್ಲಿ ನೈವೇದ್ಯದ ಕಲ್ಲುಸಕ್ಕರೆ ಡಬ್ಬದ ಪಕ್ಕದಲ್ಲಿಟ್ಟಳು. ಆಗ ನಾನು ಬಾಯಿ ಬಿಡಬೇಕಿತ್ತು.

ಸುಂದ್ರಿ ತಟ್ಟೆ ನೆಕ್ಕಿ ತಿಂದಿತು. ಕತ್ತಿನ ಕೂದಲು ಮತ್ತೆ ಬಂತು. ಅಮ್ಮ ದಿನವೂ ಪೂಜೆ ಮುಗಿಸಿ, ಮಂಗಳಾರತಿಯ ಕೈಯಲ್ಲೇ ಅದಕ್ಕೆ ಬಡಿಸುತ್ತಿದ್ದಳು. ನಾನು ಆ ಹೊತ್ತಿಗೆ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿರುತ್ತಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಅವಳು ಭಜನೆಯವರಿಗೆಲ್ಲ ಹೇಳಿಯಾಗಿತ್ತು. ಒಂದು ಏಕಾದಶಿಯ ಸಂಜೆ ಭಜನೆ ನಮ್ಮ ಮನೆಯಲ್ಲೇ. ಮಂಗಳ ಹಾಡಿದ ಮೇಲೆ ಎಲ್ಲರೂ ಬೆಕ್ಕನ್ನು ನೋಡಬೇಕೆಂದರು. ಅಮ್ಮ ಡಬ್ಬ ತಂದು ತೋರಿಸಿದಳು. ಪಕ್ಕದ ಮನೆಯ ಪದ್ಮಕ್ಕ ಒಂದು ಕಾಳು ತೆಗೆದುಕೊಂಡು, "ಸಂಡಿಗೆ ಥರ ಇದೆ ಕಣ್ರೀ. ಬೆಳಿಗ್ಗೆಯಿಂದ ಹೊಟ್ಟೆ ಚುರುಗುಟ್ತಿದೆ. ಧಾನ್ಯ ಇಲ್ಲ ಅಂದ್ಮೇಲೆ ಒಂದು ಬಾಯಿಗೆ ಹಾಕ್ಕೊಂಡ್ರೆ ವ್ರತ ಕೆಡಲ್ಲ ಅಲ್ವಾ" ಎಂದು ಕೈ ಎತ್ತಿದರು.

ನಾನು ಹಾರಿ ಅವರ ಕೈ ಹಿಡಿದುಕೊಂಡೆ. ಪರಸ್ತ್ರೀಯ ಕೈ, ಅದೂ ತಂಬೂರಿಯ ಎದುರಿಗೆ. "ಹುಳದ ಔಷಧಿ ಬೆರೆಸಿದೀನಿ ಪದ್ಮಕ್ಕ" ಎಂದೆ. ಇದು ಪೂರ್ತಿ ಸುಳ್ಳು. ಕಾಳು ಕೆಳಗೆ ಬಿತ್ತು, ಸುಂದ್ರಿ ಬಂದು ಅದನ್ನು ತಿಂದಿತು. ಪದ್ಮಕ್ಕ ಕೈ ತೊಳೆದುಕೊಂಡು ಬಂದು ಬೇಗನೆ ಹೊರಟರು, ಉಳಿದವರೂ ಅವರ ಹಿಂದೆ ಹೋದರು.

ಬಾಗಿಲು ಹಾಕಿ ಬಂದ ಅಮ್ಮ, "ಏನಿದೆ ಅದರಲ್ಲಿ? ನಿಜ ಹೇಳು" ಎಂದಳು.

"ಮೀನು" ಎಂದೆ. ಇನ್ನು ಮುಚ್ಚಿಡುವುದೇನು ಎಂದು, "ಕೋಳೀನೂ ಇದೆ" ಎಂದೂ ಸೇರಿಸಿದೆ.

ಅವಳು ಕಲ್ಲುಸಕ್ಕರೆ ಡಬ್ಬ ಇಳಿಸಿದಳು, ಗೂಡು ತೊಳೆದಳು, ತಲೆಗೆ ನೀರು ಹಾಕಿಕೊಂಡು ಬಂದಳು. ನಾನು ಅಷ್ಟು ಹೊತ್ತೂ ಸ್ಟೀಲ್ ಡಬ್ಬ ಹಿಡಿದುಕೊಂಡು ಹಿತ್ತಲಲ್ಲಿ ನಿಂತಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಬೆಕ್ಕು ಮೀನು ತಿಂದ್ರೆ ನಾನು ಬೇಡ ಅಂತಿದ್ನಾ? ಹಿತ್ತಲಲ್ಲಿ ಹಾಕು ಅಂತಿದ್ದೆ. ದೇವರ ಪಕ್ಕ ನನ್ನ ಕೈಲೇ ಇಡಿಸಿದ್ಯಲ್ಲೋ" ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ತಪ್ಪಾಯ್ತಮ್ಮ. ನಿಂಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ."

"ಭಾನುವಾರ ಲೈಬ್ರರಿಗೆ ಅಂತ ಹೋಗಿ ಬಾಯ್ತುಂಬ ಸೋಂಪು ಅಗೀತಾ ಬರ್ತೀಯಲ್ಲ, ಅದೂ ನಂಗೆ ಬೇಜಾರಾಗತ್ತೆ ಅಂತಲೇನೋ?"

ಲೈಬ್ರರಿ ಇರುವುದು ನಿಜ. ಅದರ ಪಕ್ಕದಲ್ಲಿ ಕಬಾಬಿನ ಅಂಗಡಿ ಇರುವುದೂ ನಿಜ. ಅಮ್ಮ ಬೆಕ್ಕಿನ ತಟ್ಟೆಯನ್ನು ಹಿತ್ತಲ ಮೆಟ್ಟಿಲ ಮೇಲಿಟ್ಟು, ಒಳಗೆ ಹೋಗುತ್ತಾ ಕೇಳಿದಳು: "ನಿನ್ನ ತಟ್ಟೆ ಎಲ್ಲಿಡ್ಲಿ? ಒಳಗೋ, ಇದರ ಪಕ್ಕದಲ್ಲೋ?"

ಅಂದಿನಿಂದ ಹಿತ್ತಲ ಬಾಗಿಲನ್ನು ಅಮ್ಮ ಊಟದ ಹೊತ್ತಿಗೆ ತೆರೆದೇ ಇಡುತ್ತಾಳೆ. ಸುಂದ್ರಿ ಮೆಟ್ಟಿಲ ಮೇಲೆ ಕೂತು ಎಲ್ಲರಿಗೂ ಕಾಣುವ ಹಾಗೆ ತನ್ನ ಮೀನು ತಿನ್ನುತ್ತದೆ. ನಾನು ಒಳಗೆ ತಲೆ ತಗ್ಗಿಸಿಕೊಂಡು ಸಾರನ್ನ ತಿನ್ನುತ್ತೇನೆ.