ವಾರಾನ್ನದ ಗೇಟ್‌ಕೀಪರ್

ಬೇರೆಯವರ ಮನೆಯಲ್ಲಿ ಉಣ್ಣುವುದನ್ನೇ ಒಂದು ಉದ್ಯೋಗದ ಮಟ್ಟಕ್ಕೆ ಏರಿಸಿ, ಅದಕ್ಕೊಂದು ಟೈಂಟೇಬಲ್ ಹಾಕಿಕೊಂಡು, ಬಡಿಸಿದವರ ಮೇಲೆಯೇ ದರ್ಬಾರು ಮಾಡಿದ ಮನುಷ್ಯ ಇಡೀ ಕೊಪ್ಪ ತಾಲ್ಲೂಕಿನಲ್ಲಿ ಒಬ್ಬನೇ ಇದ್ದ. ಆ ಒಬ್ಬ ನನ್ನ ಮಾವನೇ ಆಗಬೇಕಿತ್ತೆ? ಮಾವ ಎಂದರೆ ಹತ್ತಿರದವನೇನಲ್ಲ. ನನ್ನ ತಾಯಿಯ ದೊಡ್ಡಪ್ಪನ ಮಗ. ತಾಯಿ ತೀರಿಕೊಂಡ ಮೇಲೆ ಆ ಸಂಬಂಧವೂ ಮುಗಿಯಿತು ಎಂದು ನಾನು ತಿಳಿದಿದ್ದೆ. ಅವನು ಹಾಗೆ ತಿಳಿದಿರಲಿಲ್ಲ.

ಅವನು ಟೂರಿಂಗ್ ಟಾಕೀಸಿನ ಗೇಟ್‌ಕೀಪರ್ ಆಗಿದ್ದವನು. ಟೆಂಟು ಕೊಪ್ಪದಲ್ಲಿ ಎರಡು ತಿಂಗಳು, ನರಸಿಂಹರಾಜಪುರದಲ್ಲಿ ಎರಡು ತಿಂಗಳು, ಶೃಂಗೇರಿಯಲ್ಲಿ ಎರಡು ತಿಂಗಳು. ಮಳೆ ಹಿಡಿಯಿತೆಂದರೆ ಟೆಂಟು ಗೋದಾಮಿಗೆ, ಮಾವ ಯಾರದೋ ಜಗುಲಿಗೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, “ಹೆಣ್ಣು ಕೊಡೋರು ಮಳೆಗಾಲದಲ್ಲಿ ಎಂತ ಮಾಡ್ತೀಯ ಅಂತ ಕೇಳ್ತಾರೆ ಮಾರಾಯ” ಎನ್ನುತ್ತಿದ್ದ. ಬೇಸಿಗೆಯಲ್ಲಿ ಮಾಡಿದ್ದಾದರೂ ಏನು? ಚೀಟಿ ಹರಿದದ್ದು.

ಅವನ ಮೇಲೆ ನನಗಿದ್ದ ಸಿಟ್ಟು ಹಳೆಯದು, ಮತ್ತು ನ್ಯಾಯವಾದದ್ದು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಒಂದು ದಿನ ಟಿಕೆಟ್ಟಿಲ್ಲದೆ, ಸ್ವಂತ ಮಾವನ ಗೇಟು ಎಂಬ ಧೈರ್ಯದಿಂದ ಟೆಂಟಿನ ಬಾಗಿಲಿಗೆ ಹೋದೆ. ನನ್ನ ಮುಂದಿದ್ದ ಬಟ್ಟೆ ಅಂಗಡಿಯವರ ಮಗ ಕೈ ಬೀಸಿಕೊಂಡು ಒಳಗೆ ಹೋದ. ಮಾವ ಆಕಾಶ ನೋಡಿದ. ಹಿಂದಿದ್ದ ಕೊಡೆ ರಿಪೇರಿ ಸಾಹೇಬರ ಮಗನೂ ಹೋದ. ಮಾವ ಮತ್ತೆ ಆಕಾಶ ನೋಡಿದ. ನಾನು ಕಾಲಿಟ್ಟೆ ನೋಡಿ, ಟಾರ್ಚು ನೇರ ಮುಖಕ್ಕೆ ಬಿತ್ತು. “ಸಂಬಂಧ ಮನೇಲಿ. ಇಲ್ಲಿ ಟಿಕೆಟ್ಟು” ಎಂದ. ಇಡೀ ಕ್ಯೂ ನಕ್ಕಿತು. ಮೂವತ್ತು ವರ್ಷವಾದರೂ ಆ ನಗು ನನ್ನ ಕಿವಿಯಿಂದ ಹೋಗಿರಲಿಲ್ಲ.

ಆಮೇಲೆ ಊರಿಗೆ ಗೋಡೆಯಿದ್ದ ಟಾಕೀಸು ಬಂತು, ಟೆಂಟು ಮುಚ್ಚಿತು. ಮಾಲೀಕ ಕೊನೆಯ ದಿನ ಮಾವನಿಗೆ ಒಂದು ಪಂಚೆ, ಆ ಹಳೆಯ ಟಾರ್ಚು ಎರಡನ್ನೂ ಕೊಟ್ಟು ಕೈಮುಗಿದು ಹೋದ. ಪೆನ್ಶನ್ನಿಲ್ಲ, ಫಂಡಿಲ್ಲ. ವಯಸ್ಸು ಅರವತ್ತು ದಾಟಿತ್ತು. ಬೇರೆ ಯಾರಾದರೂ ಆಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಇವನು ಊರು ಸರ್ವೆ ಮಾಡಲು ಹೊರಟ.

ನಮ್ಮ ಕಡೆ ವಾರಾನ್ನದ ಪದ್ಧತಿ ಇತ್ತಲ್ಲ, ಹಳ್ಳಿಯಿಂದ ಓದಲು ಬಂದ ಬಡ ಹುಡುಗರು ವಾರದ ಏಳು ದಿನ ಏಳು ಮನೆಗಳಲ್ಲಿ ಉಣ್ಣುವುದು? ಊರಿಗೆ ಹಾಸ್ಟೆಲ್ ಆದ ಮೇಲೆ ಅದು ನಿಂತಿತ್ತು. ಮಾವನ ಕಣ್ಣಿಗೆ ಅದು ಕಂಡದ್ದೇ ಬೇರೆ ರೀತಿ. ಏಳು ಸೀಟು ಖಾಲಿ! ಒಂದೇ ವಾರದಲ್ಲಿ ಏಳನ್ನೂ ರಿಸರ್ವ್ ಮಾಡಿಕೊಂಡ. ಸೋಮವಾರ ಬಟ್ಟೆ ಅಂಗಡಿಯವರ ಮನೆ. ಶುಕ್ರವಾರ ಕೊಡೆ ಸಾಹೇಬರ ಮನೆ. ಅಲ್ಲಿ ಏನು ಉಣ್ಣುತ್ತಿದ್ದ ಎಂದು ನಾವು ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ. ಭಾನುವಾರ ಹಪ್ಪಳ ಮಾಡಿ ಮಾರುವ ಒಬ್ಬ ವಿಧವೆ ಅಮ್ಮನ ಮನೆ. ಹೀಗೆ ಆರು ದಿನ ತುಂಬಿದ ಮೇಲೆ ಟಾರ್ಚು ಹಿಡಿದು, ಹಾಡಹಗಲು ನಮ್ಮ ಬಾಗಿಲಿಗೆ ಬಂದ.

“ಗುರುವಾರ ನಿಮಗೆ ಇಟ್ಟಿದ್ದೀನಿ” ಎಂದ, ನಮಗೇ ಉಪಕಾರ ಮಾಡುವವನಂತೆ.

“ವಾರಾನ್ನ ವಿದ್ಯಾರ್ಥಿಗಳಿಗೆ ಮಾವ” ಎಂದೆ. ನಾನು ಸ್ಕೂಲು ಮೇಷ್ಟ್ರು, ನಿಯಮ ಗೊತ್ತಿರಬೇಕಲ್ಲ.

“ನೀನು ಮೇಷ್ಟ್ರಲ್ದಾ? ಬೇಕಾದ್ರೆ ಮಗ್ಗಿ ಹೇಳಿಸು” ಎಂದು ಚಪ್ಪಲಿ ಬಿಟ್ಟು ಒಳಗೆ ಬಂದ. ನನ್ನ ಹೆಂಡತಿ ನಕ್ಕು ಎಲೆ ಹಾಕಿದಳು. ಹೆಂಗಸರು ನಕ್ಕರೆ ಮುಗಿಯಿತು, ಗಂಡಸರ ನಿಯಮವೆಲ್ಲ ನೀರಿಗೆ.

ಉಂಡು ಹೋಗಿದ್ದರೆ ಸರಿ. ಈ ಮಹಾರಾಯ ಏಳು ಮನೆಗಳಿಗೂ ಕ್ಲಾಸು ಕೊಟ್ಟಿದ್ದ. ಟೆಂಟಿನಲ್ಲಿದ್ದಂತೆಯೇ ನೆಲ, ಬೆಂಚು, ಕುರ್ಚಿ. ಬಟ್ಟೆ ಅಂಗಡಿಯವರದು ಕುರ್ಚಿ ಕ್ಲಾಸು, ತುಪ್ಪ ಎರಡು ಸಲ ಬರುತ್ತಿತ್ತಂತೆ. ಸಾಹೇಬರದೂ ಕುರ್ಚಿ. ಹಪ್ಪಳದ ಅಮ್ಮನದು ಬೆಂಚು. ಸುಟ್ಟ ಹಪ್ಪಳ ಧಾರಾಳ, ಆದರೆ ಮಜ್ಜಿಗೆ ತೆಳುವು. ನಮ್ಮದು? ನೆಲ! ಅಂಗಡಿ ಬೀದಿಯಲ್ಲಿ ನಿಂತು ಇದನ್ನು ಅವನು ಹೇಳುವುದು, ಅದನ್ನು ನನ್ನ ಶಿಷ್ಯರೇ ನನಗೆ ಬಂದು ತಿಳಿಸುವುದು. ಒಂದು ಗುರುವಾರ ನನ್ನ ಹೆಂಡತಿ ಛಲ ಹಿಡಿದು ಪಾಯಸ ಮಾಡಿ ಬಡಿಸಿದಳು. ಅವನು ಎಲೆಯ ತುದಿಯವರೆಗೂ ಬಳಿದು ತಿಂದ.

“ಈಗಾದರೂ ಬೆಂಚಾಯಿತಾ?” ಎಂದು ಕೇಳಿದೆ.

“ನೆಲದಲ್ಲೂ ಮುಂದಿನ ಸಾಲು ಅಂತ ಉಂಟಲ್ಲ ಮಾರಾಯ” ಎಂದು ಕೈತೊಳೆಯಲು ಎದ್ದ.

ಇಂಥವನಿಂದ ಬಿಡುಗಡೆ ಹೇಗೆ ಎಂದು ನಾನು ಯೋಚಿಸುತ್ತಿದ್ದಾಗಲೇ ಸರ್ಕಾರದ ವೃದ್ಧಾಪ್ಯ ವೇತನದ ಸುದ್ದಿ ಊರಲ್ಲಿ ಹಬ್ಬಿತು. ಅರವತ್ತೈದು ವಯಸ್ಸಾಗಿರಬೇಕು, ನೋಡಿಕೊಳ್ಳುವವರು ಯಾರೂ ಇರಬಾರದು, ತಿಂಗಳು ತಿಂಗಳು ಪೋಸ್ಟ್‌ಮ್ಯಾನ್ ಮನೆಗೇ ಹಣ ತಂದುಕೊಡುತ್ತಾನೆ. ಮಾವ ಅರ್ಜಿ ಫಾರಂ ಹಿಡಿದುಕೊಂಡು ಬಂದ. ಅವನ ಕನ್ನಡಕದ ಒಂದು ಗಾಜು ಒಡೆದು ಯಾವ ಕಾಲವಾಗಿತ್ತೋ, ಇನ್ನೊಂದು ದಾರದಲ್ಲಿ ನಿಂತಿತ್ತು.

“ಏಳು ಮನೆ ಊಟ ಉಂಟು, ಬಟ್ಟೆ ಅಂಗಡಿ ಹಿಂದೆ ಮಲಗಕ್ಕೆ ಜಾಗ ಉಂಟು. ದುಡ್ಡು ಯಾಕೆ ನಿನಗೆ?” ಎಂದೆ.

ಅವನು ಸ್ವಲ್ಪ ಹೊತ್ತು ಫಾರಂ ಮಡಿಚಿದ, ಬಿಚ್ಚಿದ. “ಊಟ ಹೆಂಗೋ ಕೇಳ್ತೀನಿ. ಹಲ್ಲುಪುಡಿ ಕೇಳಕ್ಕಾಗ್ತದಾ? ಕ್ಷೌರಕ್ಕೆ ಕೇಳಕ್ಕಾಗ್ತದಾ? ಈ ಕನ್ನಡಕ ನೋಡು. ಯಾರ ಹತ್ರ ಹೋಗಿ ಕನ್ನಡಕ ಕೊಡಿಸಿ ಅನ್ನಲಿ? ಏಳು ಮನೇಲಿ ಯಾವ ವಾರದೋರಿಗೆ ಸೇರಿದ್ದು ಅದು?” ಎಂದ.

ನ್ಯಾಯವಾದ ಮಾತೇ. ಆದರೆ ನನಗೆ ಕೇಳಿಸಿದ್ದು ಬೇರೆ. ಕೈಗೆ ದುಡ್ಡು ಬಂದರೆ ಹೋಟೆಲಿಗೆ ಹೋಗುತ್ತಾನೆ, ನಮ್ಮ ಗುರುವಾರ ಉಳಿಯುತ್ತದೆ! ಅರ್ಜಿಯನ್ನು ನಾನೇ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟೆ.

ವಯಸ್ಸಿನ ದಾಖಲೆ ಬೇಕೆಂದರು. ಇವನಿಗೆ ಜಾತಕವೂ ಇಲ್ಲ, ಶಾಲೆಯ ದಾಖಲೆಯೂ ಇಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬಾಯಿ ತೆರೆಸಿ ನೋಡಿ, “ಇಷ್ಟು ಗಟ್ಟಿ ಹಲ್ಲಿಗೆ ಅರವತ್ತೈದು ಅಂತ ಹೆಂಗ್ರೀ ಬರೀಲಿ?” ಎಂದರು.

“ಹಲ್ಲು ಹುಟ್ಟಿದ್ದು ನನ್ನ ನಂತರ ಡಾಕ್ಟ್ರೇ, ಅದರ ವಯಸ್ಸು ನಂಗೆ ಹಾಕಬೇಡಿ” ಎಂದ ಮಾವ. ಡಾಕ್ಟರು ಬಿದ್ದು ಬಿದ್ದು ನಕ್ಕು ಅರವತ್ತಾರು ಎಂದು ಬರೆದರು. ಆವತ್ತಿನಿಂದ ಇವನು ಪೋಸ್ಟ್‌ಮ್ಯಾನ್ ಎದುರು ಸಿಕ್ಕಿದರೆ ಕೊರಳಿನ ಗುಂಡಿ ಹಾಕಿಕೊಂಡು ನಿಲ್ಲತೊಡಗಿದ.

ಮುಂದಿನದು ವಿಚಾರಣೆ. ಅಧಿಕಾರಿಯೊಬ್ಬರು ಫೈಲು ಹಿಡಿದು ಬಂದು, ಇವನು ಉಣ್ಣುವ ಮನೆಗಳನ್ನೆಲ್ಲ ಸುತ್ತಿದರು. ಕೇಳಬೇಕಾದ ಪ್ರಶ್ನೆ ಒಂದೇ: ಈ ವ್ಯಕ್ತಿಗೆ ಯಾರಾದರೂ ಇದ್ದಾರೆಯೇ? ‘ಇಲ್ಲ’ ಎಂದರೆ ಮುಗಿಯಿತು, ಮುದುಕನಿಗೆ ಕನ್ನಡಕ ಬಂತು. ಅಷ್ಟು ಹೇಳಲು ನಮ್ಮ ಊರಿನವರಿಗೆ ಬಂದೀತೇ?

ಬಟ್ಟೆ ಅಂಗಡಿಯ ಯಜಮಾನತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊರಗೆ ಬಂದರಂತೆ. “ಯಾರೂ ಇಲ್ಲ ಅಂತ ಯಾರು ಹೇಳಿದ್ದು ನಿಮಗೆ? ನಾವೆಂತ ಸತ್ತು ಹೋಗಿದ್ದೀವಾ?” ಕೊಡೆ ಸಾಹೇಬರು ಕುರ್ಚಿ ಒರೆಸಿ ಕೂರಿಸಿ, “ಶುಕ್ರವಾರ ಅವರು ಬರದೆ ನಮ್ಮನೇಲಿ ಯಾರೂ ಊಟಕ್ಕೆ ಕೂರಲ್ಲ ಸ್ವಾಮಿ” ಎಂದರಂತೆ. ಹಪ್ಪಳದ ಅಮ್ಮ ಒಂದು ಹೆಜ್ಜೆ ಮುಂದೆ ಹೋಗಿ, ಇವನಿಗೆಂದೇ ಬೇರೆ ತೆಗೆದಿಟ್ಟ ಲೋಟವನ್ನು ತಂದು ತೋರಿಸಿದರಂತೆ. ಉಳಿದ ಮೂರು ಮನೆಯವರದೂ ಅದೇ ರಾಗ. ಪೆನ್ಶನ್ ತಪ್ಪಿಸುತ್ತಿದ್ದೇವೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಸರ್ಕಾರದ ಮುಂದೆ ಮನೆಯ ಮರ್ಯಾದೆ ಉಳಿಸುವ ಭರದಲ್ಲಿ ಮುದುಕನ ಹಲ್ಲುಪುಡಿಗೆ ಕಲ್ಲು ಹಾಕಿದರು. ದಡ್ಡರು!

ಕೊನೆಗೆ ಅಧಿಕಾರಿ ನಮ್ಮ ಮನೆಗೆ ಬಂದರು. ನಾನೊಬ್ಬ ತಿಳಿದವನಿದ್ದೆನಲ್ಲ.

“ನಿಮಗೆ ಸಂಬಂಧವೇ?” ಎಂದು ಕೇಳಿದರು.

“ಪರಿಚಯ ಅಷ್ಟೆ” ಎಂದೆ. “ಇವನಿಗೆ ಯಾರೂ ಇಲ್ಲ ಸ್ವಾಮಿ. ದಿಕ್ಕಿಲ್ಲದವನು. ಊಟದ ಹೊತ್ತಿಗೆ ಬಂದು ವಕ್ಕರಿಸ್ತಾನೆ, ಓಡಿಸಕ್ಕಾಗದೆ ಹಾಕ್ತೀವಿ.” ಅವರು ಬರೆದುಕೊಂಡರು, ನಾನು ಕೆಳಗೆ ಸಹಿ ಹಾಕಿದೆ. ಅದರಲ್ಲಿ ಒಂದು ಮಾತೂ ಪೆನ್ಶನ್ನಿಗೆಂದು ಕಟ್ಟಿದ್ದಲ್ಲ. ಬಹಳ ವರ್ಷದಿಂದ ಹೊಟ್ಟೆಯಲ್ಲಿದ್ದದ್ದು ಸಲೀಸಾಗಿ ಬಂತು. ಒಳಗಿನಿಂದ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಆವತ್ತು ರಾತ್ರಿಯ ಸಾರಿಗೆ ಉಪ್ಪೇ ಇರಲಿಲ್ಲ.

ತಿಂಗಳು ಕಳೆದು ಉತ್ತರ ಬಂತು. ಗುರುವಾರವೇ ಬಂತು. ಎಲೆಯ ಮುಂದೆ ಕೂತ ಮಾವ ಜೇಬಿನಿಂದ ಕಾಗದ ತೆಗೆದು, “ಓದು ಮಾರಾಯ, ನನಗೆ ಅಕ್ಷರ ಎಲ್ಲ ಇರುವೆ ಥರ ಕಾಣ್ತದೆ” ಎಂದ. ನಾನು ಓದಿದೆ. ವಿಚಾರಣೆಯಲ್ಲಿ ಅರ್ಜಿದಾರರನ್ನು ಇಂತಿಂಥ ಮನೆಯವರು ತಮ್ಮವರೆಂದು ನೋಡಿಕೊಳ್ಳುತ್ತಿರುವುದು ತಿಳಿದುಬಂದಿದೆ, ಆದ್ದರಿಂದ ಅರ್ಜಿ ತಿರಸ್ಕರಿಸಲಾಗಿದೆ. ಓದಿ ಕಾಗದ ಮಡಿಚಿದೆ.

“ಆರು ಮನೆ ಆಯ್ತು” ಎಂದ ಮಾವ. “ಇನ್ನೊಂದು ಎಲ್ಲಿ?”

ಇಡೀ ಜೀವಮಾನ ಬಾಗಿಲಲ್ಲಿ ನಿಂತು ತಲೆ ಎಣಿಸಿದವನು. ಅವನ ಕಣ್ಣು ತಪ್ಪಿಸಿ ಒಂದನ್ನು ದಾಟಿಸುವುದು ಸಾಧ್ಯವೇ? ಹೆಂಡತಿ ಅನ್ನದ ಪಾತ್ರೆ ಹಿಡಿದು ಅಲ್ಲೇ ನಿಂತಳು. ಬಿಟ್ಟ ಸಾಲನ್ನು ಓದಿದೆ. ಏಳನೆಯ ಮನೆಯವರು ಮಾತ್ರ ಅರ್ಜಿದಾರರು ತಮಗೆ ಸಂಬಂಧಿಕರಲ್ಲವೆಂದೂ, ಅವರಿಗೆ ದಿಕ್ಕಿಲ್ಲವೆಂದೂ, ಊಟದ ಹೊತ್ತಿಗೆ ಬರುವವರನ್ನು ಓಡಿಸಲಾಗದೆ ಊಟ ಹಾಕುತ್ತಿರುವುದಾಗಿಯೂ ಹೇಳಿಕೆ ಕೊಟ್ಟಿರುತ್ತಾರೆ. ನನ್ನ ಸ್ವರ ನನಗೇ ಕೇಳಿಸಲಿಲ್ಲ.

ನಾನು ನೆಲ ನೋಡುತ್ತಿದ್ದೆ. ಮಾವನ ಕೈ ನನ್ನ ಮೊಣಕಾಲಿನ ಮೇಲೆ ಬಂತು.

“ಊರೆಲ್ಲ ನಿಜ ಹೇಳಿ ನನ್ನ ಹಾಳು ಮಾಡ್ತು ಮಾರಾಯ” ಎಂದ. “ನಂಗೋಸ್ಕರ ಸುಳ್ಳು ಹೇಳಿದೋನು ನೀನೊಬ್ಬನೆ. ಅದೂ ಮೇಷ್ಟ್ರಾಗಿ, ಸಹಿ ಬೇರೆ ಹಾಕಿ. ಆವತ್ತು ಟೆಂಟಲ್ಲಿ ನಾನು ನಿನ್ನ ಒಳಗೆ ಬಿಡಲಿಲ್ಲ. ಮಾಲೀಕ ಆಗಷ್ಟೇ ಹಿಂದೆ ಬಂದು ನಿಂತಿದ್ದ, ನನ್ನ ಕಡೆಯೋನ್ನ ಪುಕ್ಕಟೆ ಬಿಟ್ಟಿದ್ದು ಕಂಡಿದ್ರೆ ಕೆಲಸ ಹೋಗ್ತಿತ್ತು. ನೀನು ನೋಡು, ಟಿಕೆಟ್ ಇಲ್ದಿರೋ ನನ್ನ ಒಳಗೆ ಬಿಡಕ್ಕೆ ನೋಡಿದೆ.” ಹಾಗೆಂದು ನನ್ನ ಹೆಂಡತಿಯ ಕಡೆ ತಿರುಗಿ, “ಕೂಸೇ, ಈ ಮನೆ ಇವತ್ತಿಂದ ಕುರ್ಚಿ” ಎಂದ.

ಅದು ಸುಳ್ಳಲ್ಲ ಮಾವ ಎನ್ನಲು ನನಗೆ ಬಾಯಿ ಬರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ. ಇಂದಿಗೂ ಅವನಿಗೆ ಹೇಳಿಲ್ಲ. ಈಗ ಹೇಳಲು ಅವನೂ ಇಲ್ಲ. ಮಾರನೆಯ ವಾರ ಅವನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಕನ್ನಡಕ ಮಾಡಿಸಿದೆ. ಅಂಗಡಿಯವನು ಚೀಟಿ ಬರೆಯುತ್ತಾ ನಿಮಗೆ ಇವರು ಏನಾಗಬೇಕು ಎಂದು ಕೇಳಿದಾಗ, ಮಾವ ಬಾಯಿ ತೆರೆಯುವುದಕ್ಕೆ ಮೊದಲೇ “ನನ್ನ ಮಾವ” ಎಂದೆ.

ಆದರೆ ಅದು ಆಮೇಲಿನ ಮಾತು. ಆ ಗುರುವಾರ ಹೆಂಡತಿಯ ಕೈಯಿಂದ ಪಾತ್ರೆ ತೆಗೆದುಕೊಂಡು ನಾನೇ ಬಡಿಸಲು ಬಗ್ಗಿದೆ. ಅನ್ನ ಎಲೆಯ ಹೊರಗೂ ಬಿತ್ತು. ಮಾವ ಒಂದೇ ಗಾಜಿನ ಕನ್ನಡಕದಲ್ಲಿ ನನ್ನ ಕೈಯನ್ನೇ ನೋಡಿದ.

“ಕೈ ಎಂತಕೆ ಹಿಂಗೆ ನಡುಗ್ತದೆ ಮಾರಾಯ?” ಎಂದ. “ಕೂತ್ಕೊ ನೀನು. ನಂಗಿಂತ ಮೊದಲು ನಿಂಗೇ ವಯಸ್ಸಾಯ್ತಲ್ಲ.”