ಬೊಂಬಾಯಿಗೆ ನಾಲ್ಕೇ ಗಂಟೆ

ಎಲ್ಲರಿಗೂ ದೂರದ ಲೆಕ್ಕ ಹೇಳುವವನಿಗೇ ಹೊರಡುವ ಯೋಗ ಕೂಡಿಬರದ ಪ್ರಸಂಗಗಳು ನನ್ನ ಬಾಳಿನಲ್ಲಿ ನಡೆಯುತ್ತಲೇ ಬಂದಿವೆ. ಶಿವಮೊಗ್ಗದಲ್ಲಿ ಭೂಗೋಳದ ಮೇಷ್ಟ್ರು ನಾನು. ಸಮುದ್ರದ ಪಾಠ ಮಾಡಿ ಮಾಡಿ ಗಂಟಲು ಒಣಗಿದೆ, ಸಮುದ್ರವನ್ನು ಮಾತ್ರ ಕಂಡವನಲ್ಲ. ಬೊಂಬಾಯಿಯ ಶಾಲೆಯೊಂದರಿಂದ ಸಂದರ್ಶನಕ್ಕೆ ಕರೆ ಬಂದಾಗ, ಈ ಜನ್ಮಕ್ಕೆ ಇದೊಂದೇ ಅವಕಾಶ ಎಂದು ನನಗೆ ಗೊತ್ತಿತ್ತು.

೧. ಜನಿವಾರದ ಅಳತೆ

ಆಗ ತಾನೇ ಟಪಾಲು ವಿಮಾನ ಬಳ್ಳಾರಿಯಲ್ಲಿ ಇಳಿದು ಬೊಂಬಾಯಿಗೆ ಹಾರತೊಡಗಿತ್ತು. ನಮ್ಮ ಹೆಡ್ಮಾಸ್ಟರಿಗೆ ವಿಮಾನದ ಹುಚ್ಚು. ರಜೆ ಕೇಳಲು ಹೋದರೆ, ವಿಮಾನದಲ್ಲಾದರೆ ಎಷ್ಟು ಹೊತ್ತು ಹೇಳಿ ಎಂದರು. ಕೈಗೆ ದಾರ ಸಿಗಲಿಲ್ಲ. ಜನಿವಾರವನ್ನೇ ಭೂಪಟದ ಮೇಲೆ ಎಳೆದು ಅಳೆದು, ನಾಲ್ಕು ಗಂಟೆ ಎಂದೆ. ಅದರಲ್ಲಿ ನಮ್ಮಂಥವರನ್ನು ಹತ್ತಿಸಿಕೊಳ್ಳುವುದಿಲ್ಲ, ರೈಲಿನಲ್ಲಿ ಹೋಗಲೇ ಎರಡು ದಿನ ಬೇಕು ಎಂದು ಬೇಡಿಕೊಂಡರೂ ಅವರ ಕಿವಿಗೆ ಬೀಳಲಿಲ್ಲ.

"ನಾಲ್ಕು ಗಂಟೆ ದಾರಿಗೆ ಒಂದು ವಾರ ರಜೆ ಯಾಕ್ರೀ? ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಮೇಲೆ ಹೋಗ್ಬನ್ನಿ."

೨. ಮಾವನವರ ಒಪ್ಪಿಗೆ

ಗೋಗರೆದು ರಜೆ ಪಡೆದದ್ದಾಯಿತು. ಇನ್ನು ಭದ್ರಾವತಿಯ ಮಾವನವರು ಒಪ್ಪಬೇಕು. ಮಗಳನ್ನು ಅಷ್ಟು ದೂರ ಕಳಿಸುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ಅವರ ಧೈರ್ಯಕ್ಕೆಂದು ನಾನೂ ವಿಮಾನದ ನಾಲ್ಕು ಗಂಟೆಯ ಮಾತೆತ್ತಿದೆ. ಅವರ ಮುಖ ಅರಳಿತು. ಅವರ ಎತ್ತಿನ ಗಾಡಿಗೆ ಭದ್ರಾವತಿಯಿಂದ ನಮ್ಮ ಮನೆಗೆ ಬರಲು ಹಿಡಿಯುತ್ತಿದ್ದದ್ದೂ ಅಷ್ಟೇ ಹೊತ್ತು. ಅಂದ ಮೇಲೆ ಎರಡೂ ಒಂದೇ ದೂರ ಎಂದು ಅವರೇ ತೀರ್ಮಾನಿಸಿದರು. ಒಪ್ಪಿಗೆ ಸಿಕ್ಕಿತಲ್ಲ ಎಂದು ನಾನೂ ತಲೆಯಾಡಿಸಿದೆ.

"ಧಾರಾಳವಾಗಿ ಹೋಗಿ ಮಾರಾಯ್ರೆ. ಹಬ್ಬಕ್ಕೆ ಕರೆಯೋಕೆ ನಮ್ಮ ಗಾಡೀನೇ ಕಳಿಸ್ತೀನಿ."

೩. ಹೊರಟ ಗಂಟು

ರಜೆ ಸಿಕ್ಕಿದ್ದು ಮಂಗಳವಾರದಿಂದ, ಸಂದರ್ಶನಕ್ಕೆ ಮುಟ್ಟಬೇಕಾದರೆ ಅಂದಿನ ರೈಲನ್ನೇ ಹಿಡಿಯಬೇಕು. ಮಂಗಳವಾರ ಹೊರಡಕೂಡದೆಂದು ಹೆಂಡತಿ ಅತ್ತಳು. ಪುರೋಹಿತರು ಉಪಾಯ ಹೇಳಿದರು: ಸೋಮವಾರದ ಒಳ್ಳೆಯ ಗಳಿಗೆಯಲ್ಲಿ ಗಂಟನ್ನು ಪಕ್ಕದ ಮನೆಯಲ್ಲಿ ಪ್ರಸ್ಥಾನ ಇಟ್ಟುಬಿಡಿ. ನಮ್ಮ ಬದಲು ಗಂಟು ಹೊರಟರೆ, ನಾವು ಹೊರಟಂತೆಯೇ ಲೆಕ್ಕ. ನನ್ನ ಒಂದೇ ಕೋಟು, ಅದರ ಜೇಬಿನಲ್ಲಿ ಸರ್ಟಿಫಿಕೇಟುಗಳು, ಎಲ್ಲವನ್ನೂ ಕಟ್ಟಿ ಪಕ್ಕದ ಮನೆಯವರ ಕೈಗೆ ಕೊಟ್ಟೆ.

ಬೆಳಿಗ್ಗೆ ಹೋಗಿ ನೋಡಿದರೆ ಅವರ ಮನೆಗೆ ಬೀಗ. ಜಗಲಿಯ ಮೇಲೆ ಕೂತು ಕಾದೆ. ಕಾಯುತ್ತಿದ್ದಂತೆಯೇ ಸ್ಟೇಷನ್ನಿನಿಂದ ರೈಲಿನ ಸಿಳ್ಳೆ ಕೇಳಿಸಿತು. ನನಗೆ ಅಳು ಬಂತು. ಮರುದಿನದ ರೈಲು ಹಿಡಿದರೆ ಸಂದರ್ಶನ ಮುಗಿದ ಮೇಲೆ ಮುಟ್ಟುತ್ತಿದ್ದೆ.

ಸಂಜೆ ಪಕ್ಕದ ಮನೆಯವರು ಬೆವರೊರೆಸಿಕೊಳ್ಳುತ್ತಾ ಬಂದರು. ಮೇಷ್ಟ್ರಿಗೆ ಹೊರುವ ಕಷ್ಟ ಬೇಡವೆಂದು ಅವರೇ ಗಂಟನ್ನು ಸ್ಟೇಷನ್ನಿಗೆ ಒಯ್ದಿದ್ದರಂತೆ. ನನ್ನನ್ನು ಹುಡುಕುತ್ತಾ ಡಬ್ಬಿ ಹತ್ತಿದಾಗ ರೈಲು ಹೊರಟುಬಿಟ್ಟಿತು. ಬೀರೂರಿನವರೆಗೂ ಹುಡುಕಿದರು. ನಾನು ಅಲ್ಲಿ ಗಾಡಿ ಬದಲಾಯಿಸಿ ಮುಂದಕ್ಕೆ ಹೋಗಿಬಿಟ್ಟಿರಬೇಕು ಎಂದುಕೊಂಡು, ಬೊಂಬಾಯಿಗೆ ಹೊರಟಿದ್ದ ಪರಿಚಯದ ಅಡಿಕೆ ವ್ಯಾಪಾರಿಯೊಬ್ಬರಿಗೆ ಗಂಟು ಕೊಟ್ಟು, ಅಲ್ಲಿ ನನಗೆ ತಲುಪಿಸಲು ಹೇಳಿ ಬಂದಿದ್ದರು.

ಕೆಲಸ ಇನ್ಯಾರಿಗೋ ಹೋಯಿತು. ತಿಂಗಳಾದ ಮೇಲೆ ಆ ವ್ಯಾಪಾರಿ ಕೋಟನ್ನು ಹಿಂದಕ್ಕೆ ತಂದುಕೊಟ್ಟರು. ಸಂದರ್ಶನದ ದಿನ ಅದನ್ನು ತೊಟ್ಟು ಅವರು ಸಮುದ್ರ ನೋಡಿ ಬಂದಿದ್ದರು. ಜೇಬಿನಲ್ಲಿ ಇನ್ನೂ ಮರಳಿತ್ತು. ನಾನು ಆ ಕೋಟನ್ನು ಹಿಡಿದುಕೊಂಡೇ ಪುರೋಹಿತರ ಮನೆಗೆ ಜಗಳಕ್ಕೆ ಹೋದೆ. ಅವರು ಮರಳನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಕಣ್ಣಿಗೊತ್ತಿಕೊಂಡರು.

"ನೋಡಿದ್ರಾ ಮೇಷ್ಟ್ರೇ, ಎಂಥಾ ಮುಹೂರ್ತ ಇಟ್ಕೊಟ್ಟಿದ್ದೆ. ನೀವು ಮನೇಲೇ ಕೂತಿದ್ರೂ ಪ್ರಯಾಣ ನಿಲ್ಲಲಿಲ್ಲ."