ಸರೋಜಳ ಸೊಂಟಕ್ಕೆ ನನ್ನ ಚೆಕಿಂಗ್

ಫಾರಿನ್ನಿಗೆ ಮಾಲು ಕಳಿಸುವ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ನಾನು ಮೂವತ್ತು ವರ್ಷದಿಂದ ಚೆಕಿಂಗ್ ಮಾಸ್ಟರ್. ದೀಪದ ಮೇಜಿನ ಮೇಲೆ ಬಟ್ಟೆ ಹಾಸಿ, ತೂತು ಕಂಡಲ್ಲಿ ಕೆಂಪು ಬಾಣದ ಸ್ಟಿಕ್ಕರ್, ಸರಿಯಿದ್ದಲ್ಲಿ ಹಸಿರು ‘ಓಕೆ’ ಸ್ಟಿಕ್ಕರ್ ಅಂಟಿಸುವುದು ನನ್ನ ಪವಿತ್ರ ವೃತ್ತಿ. ಇಂಥವನಿಗೆ ಹೆಂಡತಿಯ ಒಂದು ಎಕ್ಸ್‌ರೇ ಯಾವ ಲೆಕ್ಕ!

ಆರು ವರ್ಷದ ಹಿಂದೆ ಸರೋಜಳ ಸೊಂಟಕ್ಕೆ ಲೋಹದ ಕೀಲು ಹಾಕಿದ್ದರು. ಈಚೆಗೆ ಕುರ್ಚಿಯಿಂದ ಎದ್ದರೆ ತೊಡೆನೋವು. ಕೀಲು ಕೆಟ್ಟಿದ್ದರೆ ಏನು ಗತಿ ಎಂದು ಇಬ್ಬರಿಗೂ ಒಳಗೊಳಗೇ ಭಯ. ಆರ್.ಎಸ್. ಪುರಂನ ಮೂಳೆ ಡಾಕ್ಟರು ಹೊಸ ಎಕ್ಸ್‌ರೇ ತೆಗೆಸಿ, ಜೊತೆಗೆ ಕೀಲು ಹಾಕಿದಾಗಿನ ಹಳೆಯದನ್ನೂ ತನ್ನಿ ಅಂದಿದ್ದರು. ನಾನು ಹೊಸ ಫಿಲ್ಮನ್ನು ಸೀದಾ ನನ್ನ ಮೇಜಿಗೆ ಒಯ್ಯಲು ಹೊರಟೆ.

“ಏನ್ರೀ, ಅದು ಡಾಕ್ಟ್ರು ನೋಡೋದಲ್ವಾ?”

“ಕವಲೆ ಪಡ್ಬ್ಯಾಡ, ಚಿಂತೆ ಬಿಡು ಸರೋಜಾ. ಅರ್ಧ ಗಂಟೇಲಿ ರಿಪೋರ್ಟ್ ಕೊಡ್ತೀನಿ!”

ಕೊಟ್ಟೆ. ಒಟ್ಟು ಹನ್ನೊಂದು ಕೆಂಪು ಬಾಣ! ಕೀಲಿನ ಲೋಹದ ಕಡ್ಡಿ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಅಂಚಿಗೆ ಒಂದು ಹಸಿರು ಓಕೆ.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬಾಣಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ತಮಿಳಿನಲ್ಲಿ ನಡೆದ ಉನ್ನತ ಮಟ್ಟದ ಸಮಾಲೋಚನೆಯ ಕನ್ನಡ ಸಾರ ಇಷ್ಟು:

“ಈ ಎರಡು ದೊಡ್ಡ ತೂತು ಹುಟ್ಟಿದವರಿಗೆಲ್ಲ ಇರುತ್ತೆ. ನಿಮಗೂ ಇದೆ.”

“ಈ ಕಪ್ಪು ಮಚ್ಚೆ, ಸಾರ್?”

“ಹೊಟ್ಟೆಯ ಗ್ಯಾಸು. ಹಳೆಯ ಫಿಲ್ಮ್ ಎಲ್ಲಿ?”

ನಮ್ಮಲ್ಲಿ ಒಮ್ಮೆ ಪಾಸಾದ ಮಾಲನ್ನು ಯಾರೂ ಮತ್ತೆ ನೋಡುವುದಿಲ್ಲ. ಹಾಳೆ ಗಟ್ಟಿಯಾಗಿದೆಯಲ್ಲ ಎಂದು ಆ ಫಿಲ್ಮನ್ನು ಕತ್ತರಿಸಿ, ಮಗುವಿನ ಬನಿಯನ್ನಿಗೆ ಅಳತೆ ಪ್ಯಾಟರ್ನ್ ಮಾಡಿ, ಕಂಪನಿಗೆ ದಾನ ಕೊಟ್ಟಿದ್ದೆ!

ಮರುದಿನ ಅದನ್ನೇ ತಂದು ಮುಂದಿಟ್ಟೆ. ಬನಿಯನ್ನಿನ ಕತ್ತಿಗೂ ತೋಳಿಗೂ ಕತ್ತರಿಸಿದ ಜಾಗ ಹೋಗಿತ್ತು. ಪುಣ್ಯಕ್ಕೆ ಕೀಲು ಬನಿಯನ್ನಿನ ಕೆಳ ಅಂಚಿನಲ್ಲಿ ಉಳಿದಿತ್ತು.

“ಯಾವ ಸೈಜು?” ಡಾಕ್ಟರು ಕೇಳಿದರು.

“ಆರು ತಿಂಗಳ ಮಗುವಿಂದು, ಸಾರ್.”

ಅವರು ಎರಡನ್ನೂ ಪಕ್ಕಪಕ್ಕ ಇಟ್ಟು, ನನ್ನ ಹಸಿರು ಓಕೆಯನ್ನು ಉಗುರಿನಿಂದ ಕಿತ್ತರು. ಅದರಡಿ, ಕಡ್ಡಿಗೂ ಮೂಳೆಗೂ ನಡುವೆ, ಕೂದಲೆಳೆಯಷ್ಟು ಕಪ್ಪು ಗೆರೆ! ಹಳೆಯದರಲ್ಲಿ ಅದು ಇರಲೇ ಇಲ್ಲ.

“ಕೀಲು ಸಡಿಲಾಗಲು ಶುರುವಾಗಿದೆ. ಮೂಳೆ ಕೆಡುವ ಮೊದಲೇ ಸಿಕ್ಕಿದ್ದು ಒಳ್ಳೆಯದಾಯಿತು. ಸರಿ ಮಾಡೋಣ,” ಅಂದರು.

ಕಿತ್ತ ಸ್ಟಿಕ್ಕರನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. ಆ ಓಕೆಯನ್ನು ನಂಬಿ ಇನ್ನೊಂದು ವರ್ಷ ಕೂತಿದ್ದರೆ? ನೋವಿರುವವಳೇ ನನ್ನ ಕೈ ಹಿಡಿದು ಹೊರಗೆ ಕರೆತಂದಳು. ಬಸ್ಸಿನಲ್ಲಿ ಅವಳಿಗೊಂದು ಸೀಟು ಸಿಕ್ಕಿತು, ನಾನು ಪಕ್ಕದಲ್ಲಿ ನಿಂತೆ.

“ಏನ್ರೀ, ನೀವು ಓಕೆ ಮಾಡಿದ ಬನಿಯನ್ ಹಾಕ್ಕೊಂಡು ಆ ಫಾರಿನ್ನೋರು ಹೆಂಗ್ರೀ ಬೀದೀಲಿ ಓಡಾಡ್ತಾರೆ?”

“ನಮ್ಮ ಕ್ವಾಲಿಟಿ ಬಗ್ಗೆ ಮಾತಾಡ್ಬ್ಯಾಡ!” ಎಂದು ಗಂಭೀರವಾಗಿ ಗದರಿಸಿದೆ. ಬಸ್ಸು ಹೊರಟಿತು. ಕಂಬಿ ಹಿಡಿಯಲು ಕೈ ಎತ್ತಿದೆ. ನಾನೇ ಪಾಸ್ ಮಾಡಿ ನಾನೇ ತೊಟ್ಟಿದ್ದ ಬನಿಯನ್ ಕಂಕುಳಲ್ಲಿ ಪರ್ರನೆ ಹರಿಯಿತು!